ಹನ್ನೊಂದು ಗಜ

ಕೇದಾರಿ ಕಾಕಾನ ಅಂಗಡಿಯಲ್ಲಿ ಮಾತು ಕಡಿಮೆ ಇರುತ್ತಿತ್ತು. ಕೊಂಡಿಗೆ ಅರ ತಿಕ್ಕುವ ಸಪ್ಪಳ, ಸರಪಳಿಯನ್ನು ಕಲ್ಲಿನ ಮೇಲೆ ಹರವುವ ಸಪ್ಪಳ, ಅಷ್ಟೇ. ನಾನು ಬಿ.ಎ. ಮುಗಿಸಿ ೧೯೫೬ರಲ್ಲಿ ಸರಕಾರದ ಮೋಜಣಿ ಕೆಲಸಕ್ಕೆ ಸೇರಿದಾಗ ಕಚೇರಿಯ ಹಿರಿಯರು ಮೊದಲು ಕಳಿಸಿದ್ದೇ ಅಲ್ಲಿಗೆ. ಹೊಲ ಅಳೆಯುವ ಸಾಮಾನು ಬೇಕೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮೋಜಣಿದಾರರಿಗೆಲ್ಲ ಗೋಕಾಕದ ಅದೊಂದೇ ಅಂಗಡಿ. ಕಾಕಾನ ಅಜ್ಜ ಕಮ್ಮಾರಿಕೆ ಮಾಡುತ್ತ ಸರಪಳಿ ಕಟ್ಟುವುದನ್ನು ಕಲಿತವನು. ತಂದೆ ಪರಪ್ಪ ಅದನ್ನು ಅಂಗಡಿ ಮಾಡಿದ. ಬಾವುಟ, ಕಬ್ಬಿಣದ ಗೂಟ, ಪುಣೆಯಿಂದ ತರಿಸಿದ ದಿಕ್ಸೂಚಿ, ನಕ್ಷೆ ತೆಗೆಯುವ ಮುಕ್ಕಾಲಿ ಹಲಗೆ, ಎಲ್ಲ ಅಲ್ಲಿ ಸಿಗುತ್ತಿದ್ದವು. ಆದರೆ ಜನ ಹೋಗುತ್ತಿದ್ದುದು ಸರಪಳಿಗಾಗಿ.

ಆಗಿನ ನಮ್ಮ ಸರಪಳಿ ಮೂವತ್ತಮೂರು ಫೂಟಿನದು, ಅಂದರೆ ಹನ್ನೊಂದು ಗಜ. ಅದರ ಹದಿನಾರನೆಯ ಒಂದು ಭಾಗಕ್ಕೆ ಆಣೆ ಅನ್ನುತ್ತಿದ್ದೆವು. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ. ಎಳೆದೆಳೆದು ಕೊಂಡಿಗಳು ಸವೆದಂತೆ ಸರಪಳಿ ಉದ್ದವಾಗುತ್ತದೆ. ಅದಕ್ಕೇ ಪ್ರತಿ ವರ್ಷ ದೀಪಾವಳಿಗೆ ಮೊದಲು ಅದನ್ನು ಕಾಕಾನಲ್ಲಿಗೆ ಒಯ್ಯಬೇಕು. ಅಂಗಡಿಯ ಮುಂದಿನ ಹಾಸುಗಲ್ಲಿನಲ್ಲಿ ಎರಡು ತಾಮ್ರದ ಮೊಳೆ ಇದ್ದವು. ಅವುಗಳ ನಡುವೆ ಸರಿಯಾಗಿ ಹನ್ನೊಂದು ಗಜ. ಕಾಕಾ ಸರಪಳಿಯನ್ನು ಅಲ್ಲಿ ಎಳೆದು ಹಿಡಿದು, ಹೆಚ್ಚಾಗಿದ್ದರೆ ಒಂದು ಕೊಂಡಿ ತೆಗೆದು ಸಣ್ಣದು ಹಾಕಿ, ಮತ್ತೆ ಎಳೆದು ನೋಡಿ ತಲೆ ಆಡಿಸುತ್ತಿದ್ದ. ಚೀಟಿ ಇಲ್ಲ, ಮೊಹರು ಇಲ್ಲ. ಎರಡು ತಾಲೂಕಿನ ಹೊಲಗಳ ಗಡಿ ಆತ ಹಾಗೆ ತಲೆ ಆಡಿಸಿದ್ದರ ಮೇಲೆ ನಿಂತಿರುತ್ತಿತ್ತು.

ನನಗೆ ಅಲ್ಲಿ ಕೂರುವುದು ಇಷ್ಟ. ಯಾಕೆ ಇಷ್ಟು ಸುಮ್ಮನಿರುತ್ತಿ ಎಂದು ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದರು. ಕಾಕಾ ಒಮ್ಮೆಯೂ ಕೇಳಲಿಲ್ಲ.

ಐವತ್ತೆಂಟರ ದೀಪಾವಳಿ ಮುಗಿದ ಮೇಲೆ ಕಲ್ಲೋಳಿಯಲ್ಲಿ ಒಂದು ಹೊಲ ಪಾಲು ಮಾಡಿಕೊಟ್ಟೆ. ಒಂದು ಕಡೆ ಮರೆವ್ವ ಎಂಬ ವಿಧವೆ, ಇನ್ನೊಂದು ಕಡೆ ಆಕೆಯ ಮೈದುನ ದುರ್ಗಪ್ಪ. ಮರೆವ್ವನ ಅಂಚಿನಿಂದ ಹನ್ನೆರಡು ಸರಪಳಿ ಅಳೆದು ನಡುವೆ ಗಡಿಯ ಬಾಂದಗಲ್ಲು ನೆಡಿಸಿದೆ. ಆಕೆ ಮರುವಾರವೇ ಕಲ್ಲಿನ ತನಕ ಕಡಲೆ ಬಿತ್ತಿದಳು.

ಸಂಕ್ರಾಂತಿಯ ಹೊತ್ತಿಗೆ ಕೊಣ್ಣೂರಿನಲ್ಲಿ ಅಳೆಯುತ್ತಿದ್ದೆ. ಹಳೆಯ ಎರಡು ಬಾಂದಗಲ್ಲುಗಳ ನಡುವೆ ಇಪ್ಪತ್ತು ಸರಪಳಿ ಬರಬೇಕಾದಲ್ಲಿ ಮೂರು ಫೂಟು ಕಡಿಮೆ ಬಂತು. ಯಾರೋ ಕಲ್ಲು ಸರಿಸಿದ್ದಾರೆ ಎಂದುಕೊಂಡೆ. ಮುಂದಿನ ಹೊಲದಲ್ಲೂ ಅಷ್ಟೇ ಕಡಿಮೆ. ಮಗ್ಗುಲ ಊರಿನಲ್ಲೂ ಅಷ್ಟೇ. ಎಲ್ಲ ಊರಿನ ಕಲ್ಲುಗಳನ್ನು ಒಂದೇ ಲೆಕ್ಕದಲ್ಲಿ ಸರಿಸುವ ಕಳ್ಳ ಇರಲಾರ. ಸರಪಳಿಯೇ ಉದ್ದವಾಗಿರಬೇಕು. ಸರಪಳಿಯನ್ನು ಚೀಲದಲ್ಲಿ ಹಾಕಿಕೊಂಡು ಗೋಕಾಕಕ್ಕೆ ಹೋದೆ.

ಕಾಕಾ ಕೇಳಿಸಿಕೊಂಡ. ಒಳಗೆ ಹೋಗಿ ಅರಿವೆಯಲ್ಲಿ ಸುತ್ತಿಟ್ಟ ಒಂದು ಕಬ್ಬಿಣದ ಕಡ್ಡಿ ತಂದ. ಅದು ಪರಪ್ಪನ ಕಾಲದ ಗಜಕಡ್ಡಿ. ಒಂದು ಮೊಳೆಯಿಂದ ಆರಂಭಿಸಿ ಹಾಸುಗಲ್ಲಿನ ಮೇಲೆ ಹನ್ನೊಂದು ಸಲ ಇಟ್ಟು, ಪ್ರತಿ ಸಲವೂ ಸೀಮೆಸುಣ್ಣದಿಂದ ಗೆರೆ ಎಳೆದ. ಹನ್ನೊಂದನೆಯ ಗೆರೆ ಎರಡನೆಯ ಮೊಳೆಗಿಂತ ಎರಡು ಇಂಚು ಹಿಂದೆ ಬಿತ್ತು. ಆ ಕಡೆಯಿಂದ ಮತ್ತೆ ಇಡುತ್ತ ಬಂದ. ಈ ತುದಿಯಲ್ಲೂ ಎರಡು ಇಂಚು ಉಳಿಯಿತು. ಕಾಕಾ ಅಲ್ಲೇ ಮೊಳಕಾಲೂರಿ ಕುಳಿತುಬಿಟ್ಟ.

ಹಿಂದಿನ ಬೇಸಿಗೆಯಲ್ಲಿ ಗಟಾರ ಅಗೆಯಲು ಬಂದವರು ಹಾಸುಗಲ್ಲು ಎಬ್ಬಿಸಿ ಮತ್ತೆ ಹಾಸಿದ್ದರು. ಒಂದು ಮೊಳೆಯನ್ನು ಹೊಸದಾಗಿ ಹೊಡೆಯಬೇಕಾಗಿತ್ತು. ಅದೇ ದಿನ ಪರಪ್ಪನನ್ನು ಘಟಪ್ರಭಾದ ದವಾಖಾನೆಗೆ ಒಯ್ದಿದ್ದರು. ಕಾಕಾನಿಗೆ ಬಸ್ಸು ಹಿಡಿಯುವ ಅವಸರ. ಗಜಕಡ್ಡಿ ಹನ್ನೊಂದು ಸಲ ಇಡುವ ಬದಲು ಗೋಡೆಯ ಮೇಲಿನ ಒಂದು ಹೊಸ ಸರಪಳಿ ತೆಗೆದು ಹಾಸಿ ಮೊಳೆ ಹೊಡೆದು ಹೋಗಿದ್ದ. ಪರಪ್ಪ ದವಾಖಾನೆಯಿಂದ ಮರಳಲಿಲ್ಲ. ದುಃಖದಲ್ಲಿ ಮೊಳೆಯ ಮಾತು ಮರೆತುಹೋಗಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಕಾನ ಹೆಂಡತಿ ಸುಂದ್ರವ್ವ ಮೆಲ್ಲಗೆ ಹೇಳಿದಳು. ‘ಅದು ಹೊಸಾದಲ್ಲ. ಯಾರೋ ತಿರುಗಿ ಕೊಟ್ಟ ಹಳೀದು. ಎಣ್ಣಿ ಹಚ್ಚಿ ಒರಸಿ ನಾನ ತೂಗಹಾಕಿದ್ನಿ.’

‘ನಿಂದೇನ ತಪ್ಪೈತಿ? ಸರಪಳಿಲೆ ಕಲ್ಲ ಅಳದೆ. ಆಮ್ಯಾಲ ಅದ ಕಲ್ಲಿಲೆ ಎಲ್ಲಾರ ಸರಪಳಿ ಅಳದೆ,’ ಅಂದ ಕಾಕಾ.

ಆ ಹಂಗಾಮಿನಲ್ಲಿ ನನ್ನದೂ ಸೇರಿ ಹದಿನಾಲ್ಕು ಸರಪಳಿ ಆ ಮೊಳೆಗಳ ನಡುವೆ ಎಳೆಸಿಕೊಂಡು ಹೋಗಿದ್ದವು. ವಿಷಯ ಹೊರಬಿದ್ದರೆ ಸರಕಾರದ ಕಚೇರಿ ಕಾಕಾನಲ್ಲಿ ಮತ್ತೆ ಸಾಮಾನು ಕೊಳ್ಳುವುದಿಲ್ಲ, ಮೂರು ತಲೆಮಾರಿನ ಅಂಗಡಿ ಅಲ್ಲಿಗೆ ಮುಗಿಯುತ್ತದೆ ಎಂಬುದು ಮೂವರಿಗೂ ತಿಳಿದಿತ್ತು. ನನ್ನ ನೌಕರಿಯೂ ಇನ್ನೂ ಕಾಯಂ ಆಗಿರಲಿಲ್ಲ. ಆಗ ನಾನು ಅಂದೆ: ‘ಕಾಕಾ, ಮೊಳಿ ಸರಿ ಮಾಡ್ರಿ. ಎಣ್ಣಿ ಹಾಕತೇನಂತ ಹೇಳಿ ಸರಪಳಿ ಒಂದೊಂದ ತರಿಸಿ ಸುಮ್ನ ತಿದ್ದಿಬಿಡ್ರಿ. ಎರಡ ಇಂಚು ಯಾರಿಗೂ ತಿಳಿಯಂಗಿಲ್ಲ.’

ಕಾಕಾ ನನ್ನ ಮುಖ ನೋಡಿದ. ‘ನಿಮಗ ಹೆಂಗ ತಿಳೀತ್ರಿ ಸಾಹೇಬ್ರ?’

ಸುಂದ್ರವ್ವ ನನ್ನ ಪರವಾಗಿ ಮಾತಾಡಿದಳು. ಮಾವ ಹೋಗಿ ವರ್ಷ ತುಂಬಿಲ್ಲ, ಅವರ ಹೆಸರು ಊರೂರಿಗೆ ಎಳೆಯಬೇಡ ಎಂದಳು. ಕಾಕಾ ಗಜಕಡ್ಡಿಯನ್ನು ಅರಿವೆಯಲ್ಲಿ ಸುತ್ತತೊಡಗಿದ. ನಾನು ಎದ್ದು ಬಂದೆ.

ಮರುದಿನ ಮುಂಜಾನೆಯ ಬಸ್ಸಿಗೆ ಆತ ಮೂಡಲಗಿಗೆ ಹೋದನಂತೆ. ಅಲ್ಲಿಂದ ಕೊಣ್ಣೂರು, ಆಮೇಲೆ ಹುಕ್ಕೇರಿ. ಎಂಟು ದಿನ ತಿರುಗಿ ಉಳಿದ ಹದಿಮೂರೂ ಮೋಜಣಿದಾರರಿಗೆ ತನ್ನ ಬಾಯಿಂದಲೇ ಹೇಳಿ, ಸರಪಳಿಗಳನ್ನು ಗೋಣಿಚೀಲದಲ್ಲಿ ತುಂಬಿ ಹೆಗಲ ಮೇಲೆ ಹೊತ್ತು ತಂದ. ಹುಕ್ಕೇರಿಯ ಹಿರಿಯ ಮೋಜಣಿದಾರ ಅಣ್ಣಾಸಾಹೇಬರು, ನೀನು ಇನ್ನೆರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ನಾನು ಆರಾಮಾಗಿ ಪಿಂಚಣಿ ತಗೊಂಡು ಹೋಗುತ್ತಿದ್ದೆನಲ್ಲೋ ಎಂದು ಬೈದು, ಊಟ ಮಾಡಿಸಿ ಕಳಿಸಿದರಂತೆ.

ಕಲ್ಲೋಳಿಯ ಹೊಲ ಮತ್ತೆ ಅಳೆಯುವಾಗ ಸರಪಳಿಯ ಇನ್ನೊಂದು ತುದಿ ಹಿಡಿಯಲು ಕಾಕಾ ತಾನೇ ಬಂದ. ಸರಪಳಿಗೆ ಎರಡು ಇಂಚಿನಂತೆ ಕಲ್ಲು ಎರಡು ಫೂಟು ಮರೆವ್ವನ ಕಡೆಗೆ ಸರಿಯಬೇಕಾಗಿತ್ತು. ಎರಡು ಸಾಲು ಕಡಲೆ ಆಗಲೇ ಹೂ ಬಿಟ್ಟಿತ್ತು. ದುರ್ಗಪ್ಪ ದೂರದಲ್ಲಿ ಬದುವಿನ ಮೇಲೆ ಕುಳಿತಿದ್ದ. ಮರೆವ್ವ ಸೊಂಟದ ಮೇಲೆ ಕೈಯಿಟ್ಟು ನಮ್ಮೆದುರು ನಿಂತಳು.

‘ಅವತ್ತೂ ನೀವ ಅಳದ್ರಿ, ಅವತ್ತೂ ಖರೆ ಅಂದ್ರಿ. ಇವತ್ತಿಂದು ಖರೆ ಅನ್ನಾಕ ಏನೈತಿ?’

ಕಾಕಾ ಗಜಕಡ್ಡಿಯನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟ. ‘ನೀವ ಇಟ್ಟ ನೋಡ್ರಿ, ಯವ್ವಾ.’

ಸರಪಳಿಯನ್ನು ನೆಲದ ಮೇಲೆ ಎಳೆದು ಹಿಡಿದೆವು. ಮರೆವ್ವ ಸೆರಗು ಸಿಕ್ಕಿಸಿ, ಬಗ್ಗಿ, ಅದರ ಮಗ್ಗುಲಿಗೆ ಕಡ್ಡಿ ಇಡುತ್ತ ಗಟ್ಟಿಯಾಗಿ ಎಣಿಸುತ್ತ ಹೋದಳು. ನಡುವೆ ಒಮ್ಮೆ ಅನುಮಾನ ಬಂದು ಹಿಂದಕ್ಕೆ ಹೋಗಿ ಮತ್ತೆ ಒಂದರಿಂದ ಎಣಿಸಿದಳು. ನಾವು ಕಾದೆವು. ಹನ್ನೊಂದು ಎಂದಾಗ ಕಡ್ಡಿಯೂ ಸರಪಳಿಯೂ ಒಂದೇ ಕಡೆ ಮುಗಿದವು.

‘ಕಡ್ಲಿ ಮಾತ್ರ ನಾನ ಕೀಳಾಕಿ,’ ಅಂದಳು ಮೈದುನನತ್ತ ತಿರುಗಿ. ದುರ್ಗಪ್ಪ ಕೈ ಎತ್ತಿ ಆಗಲಿ ಅಂದ. ಕಲ್ಲು ಸರಿಯಿತು.

ಅಂಗಡಿಯ ವಿಷಯದಲ್ಲಿ ನಾವು ಹೆದರಿದಂತೆಯೇ ಆಯಿತು. ಮುಂದಿನ ವರ್ಷದಿಂದ ಸಾಮಾನು ಬೆಳಗಾವಿಯ ಒಬ್ಬ ವ್ಯಾಪಾರಿಯಿಂದ ಬರತೊಡಗಿತು. ಕಾಕಾನ ಗೋಡೆಗಳ ಮೇಲೆ ಸರಪಳಿಗಳ ಜಾಗದಲ್ಲಿ ಹಗ್ಗ, ಮಿಣಿ, ಬಕೆಟ್ಟು ತೂಗಾಡಿದವು. ವಿಚಾರಣೆ ಮಾಡಿದ ಅಧಿಕಾರಿ ತಪ್ಪು ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಈ ಸಾಹೇಬರು ಕಂಡುಹಿಡಿದು ತಾವಾಗಿ ಬಂದು ಹೇಳಿದರು ಎಂದಷ್ಟೇ ಕಾಕಾ ಹೇಳಿದ್ದ. ಸುಮ್ಮನೆ ತಿದ್ದಿಬಿಡಿ ಎಂದು ನಾನು ಆಮೇಲೆ ಆಡಿದ ಮಾತನ್ನು ಆತ ಎತ್ತಲಿಲ್ಲ. ನನ್ನ ಕೆಲಸದ ಬಗ್ಗೆ ಮೇಲಿನವರು ಒಳ್ಳೆಯ ಮಾತು ಬರೆದರು. ನೌಕರಿ ಕಾಯಂ ಆಯಿತು.

ಅರವತ್ತನಾಲ್ಕರಲ್ಲಿ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅಷ್ಟರಲ್ಲಿ ಅಳತೆ ಮೀಟರಿಗೆ ತಿರುಗಿತ್ತು. ಹೋಗುವ ಮುನ್ನ ಅಂಗಡಿಯಲ್ಲಿ ಒಂದು ಗಳಿಗೆ ಕುಳಿತೆ. ಕಾಕಾ ಹಗ್ಗ ಸುತ್ತುತ್ತಿದ್ದ. ಐದು ವರ್ಷ ಬಾಯಿತನಕ ಬಂದು ನಿಂತಿದ್ದ ಮಾತನ್ನು ಅಂದು ಹೇಗಾದರೂ ಹೇಳಬೇಕೆಂದು ಹೋಗಿದ್ದೆ.

‘ಕಾಕಾ, ಅವತ್ತ ನಾ ನಿಮಗ ಸುಮ್ನ ಇರ್ರಿ ಅಂತ...’

ಕಾಕಾ ಹಗ್ಗದಿಂದ ಕಣ್ಣೆತ್ತದೆ ಒಳಗೆ ಕೂಗಿದ. ‘ಸುಂದ್ರವ್ವಾ, ಸಾಹೇಬ್ರಿಗೆ ಒಂದ ಕಪ್ಪ ಚಾ.’

ಚಹ ಬಂತು. ಕುಡಿದೆ.