ಕೊಳೆತ ಮೊಟ್ಟೆಯ ವಾಸನೆ

"ಕೊಳೆತ ಮೊಟ್ಟೆ ವಾಸನೆ ಬಂತು ಅಂದ್ರೆ ಕಡ್ಡಿ ಗೀರ್ಬೇಡಿ ಅಮ್ಮ. ಮೊದ್ಲು ಕಿಟಕಿ ತೆಗೀರಿ," ಎಂದು ಹೇಳಿ ಪೈಪಿನವನು ಹಿತ್ತಲಿನ ತೊಟ್ಟಿಯ ಕಡೆ ಹೋದ.

ದೊಡ್ಡಕ್ಕ ತಲೆಯಾಡಿಸಿದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ತಟ್ಟೆಯಲ್ಲಿ ಉಳಿದದ್ದು, ತರಕಾರಿ ಸಿಪ್ಪೆ, ಹಳಸಿದ್ದು ಎಲ್ಲವೂ ವಾರಗಳಿಂದ ಆ ತೊಟ್ಟಿ ಸೇರಿ, ಕೊಳೆತು, ಅನಿಲವಾಗಿತ್ತು. ಇವತ್ತು ಅದರಿಂದಲೇ ಮೊದಲ ಅಡುಗೆ. "ನಿನ್ನೆ ಬಿಟ್ಟಿದ್ದೇ ಇವತ್ತು ಬೇಯ್ಸಿ ಹಾಕುತ್ತಂತೆ!" ಎಂದು ಕೆಲಸಗಾರರು ನಗೆಯಾಡಿದ್ದರು.

ದೊಡ್ಡಕ್ಕ ಮಾತ್ರ ನಕ್ಕಿರಲಿಲ್ಲ. ಚಳಿಗಾಲದ ಜ್ವರ ಹೋಗುವಾಗ ಅವಳ ಮೂಗನ್ನೂ ಕರೆದುಕೊಂಡು ಹೋಗಿತ್ತು. ಘಾಟು ತಿಳಿಯದು, ಸೀದದ್ದು ತಿಳಿಯದು. ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಜೊತೆಗೆ ದುಡಿಯುವ ತಂಗಿಯ ಮುಖ ನೋಡುತ್ತಿದ್ದಳು; ಅವಳು ಹುಬ್ಬು ಗಂಟಿಕ್ಕಿದರೆ ಉರಿ ಸಣ್ಣ ಮಾಡುವುದು, ಮುಖ ಅರಳಿದರೆ ಇಳಿಸುವುದು. ಹೇಗೋ ದಿನ ತಳ್ಳಿದ್ದಳು. ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಊಟದ ಗಂಟೆ ಹತ್ತಿರವಾಗುತ್ತಿತ್ತು. ದೊಡ್ಡಕ್ಕ ಒಲೆಯ ಸುತ್ತ ತಿರುಗಿದಳು, ಕೊಳವೆ ಮುಟ್ಟಿದಳು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಉಸಿರು ಎಳೆದು ನೋಡಿದಳು. ಏನೂ ಇಲ್ಲ. ಏನೂ ಇಲ್ಲ ಅಂದರೆ ಏನರ್ಥ? ಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿದಳು. ಕೈ ಮುಂದೆ ಹೋಗಲಿಲ್ಲ.

"ಲೇ, ಬಾರೇ ಇಲ್ಲಿ."

"ಪಾತ್ರೆ ತೊಳೀತಿದೀನಿ, ಕೈಯೆಲ್ಲ ಸೋಪು. ಇರೇ," ಎಂದಳು ಹೊರಗಿನಿಂದ ತಂಗಿ.

"ಹಂಗೇ ಬಾ. ವಾಸನೆ ಇದ್ಯಾ ನೋಡು."

ತಂಗಿ ಬಾಗಿಲಿಗೆ ಬಂದವಳೇ ಕಿರುಚಿದಳು. "ಅಯ್ಯೋ, ಬಿಸಾಕೇ ಆ ಕಡ್ಡೀನ! ಇಷ್ಟು ಹೊಡೀತಿರೋದು ಗೊತ್ತಾಗಲ್ವಾ ನಿಂಗೆ?"

"ಇಲ್ಲ ಕಣೇ." ದೊಡ್ಡಕ್ಕ ಕಡ್ಡಿಯನ್ನು ಕೆಳಗೆ ಹಾಕಿದಳು. "ಜ್ವರ ಬಂದಾಗಿಂದ ಗೊತ್ತಾಗ್ತಿಲ್ಲ. ಯಾವುದೂ."

ತಂಗಿ ಕಿಟಕಿಗಳನ್ನೆಲ್ಲ ದೂಡಿ ತೆರೆದಳು. ಪೈಪಿನವನು ಓಡಿ ಬಂದು, ಸಡಿಲಾಗಿದ್ದ ಜೋಡಣೆಯನ್ನು ಬಿಗಿಮಾಡಿದ. ಅವನು ಅತ್ತ ಹೋದ ಮೇಲೇ ತಂಗಿ ಅಕ್ಕನ ಕಡೆ ತಿರುಗಿದಳು.

"ದಿನಾ ನನ್ನ ಮುಖಾನೇ ಗುರಾಯಿಸ್ತೀಯಲ್ಲ, ನನ್ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ. ಎಷ್ಟು ಅತ್ತಿದೀನಿ ಗೊತ್ತಾ?"

ದೊಡ್ಡಕ್ಕ ಬಾಗಿಲನ್ನೂ ಅಗಲ ತೆರೆದಳು.

ಗಾಳಿ ಓಡಾಡಿತು. ತಂಗಿ ಒಲೆಯ ಹತ್ತಿರ ಬಗ್ಗಿ ಮೂಸಿ, "ಹೂಂ, ಹಚ್ಚು," ಎಂದಳು. ದೊಡ್ಡಕ್ಕ ಕಡ್ಡಿ ಗೀರಿದಳು. ಬಿಸಿಲು ನೇರ ಒಲೆಯ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಉರಿ ಹತ್ತಿದೆಯೋ ಇಲ್ಲವೋ ಕಾಣಲಿಲ್ಲ. ಅವಳು ಅಂಗೈ ಚಾಚಿದಳು. ತಂಗಿ ಅದರ ಪಕ್ಕದಲ್ಲೇ ತನ್ನ ಒದ್ದೆ ಕೈಯನ್ನೂ ಹಿಡಿದಳು. ಬೆರಳುಗಳ ನಡುವಿನ ನೊರೆ ಕೆಳಗಿನ ಬಿಸಿಗೆ ಮೆಲ್ಲಗೆ ಒಣಗತೊಡಗಿತು.