ಎರಡು ಸಲ ಹಾಕಿದ ಈಸ್ಟ್

ಟಬ್ಬಿನ ಮೇಲೆ ಹೊದಿಸಿದ್ದ ಒದ್ದೆ ಬಟ್ಟೆ, ಒಳಗಿಂದ ಯಾರೋ ತಲೆಯೆತ್ತಿದ ಹಾಗೆ, ಮೇಲೇಳುತ್ತಿತ್ತು.

"ಅಪ್ಪಾ, ಹಿಟ್ಟು ಓಡಿಹೋಗ್ತಿದೆ, ಬಾ!" ಎಂದು ಬುಗುರಿ ಕೂಗಿದಳು. ನಿಂತಲ್ಲಿ ನಿಲ್ಲದ ಆ ಹುಡುಗಿಗೆ ಮನೆಯಲ್ಲಿದ್ದ ಹೆಸರು ಅದು.

ಬೇಕರಿಯವನು ಬಂದು ಬಟ್ಟೆ ಎತ್ತಿದ. ಚಳಿಗಾಲದಲ್ಲಿ ಮಧ್ಯಾಹ್ನದವರೆಗೆ ಆಮೆಯಂತೆ ಉಬ್ಬುವ ಹಿಟ್ಟು ಇವತ್ತು ತಿಂಡಿಯ ಹೊತ್ತಿಗೇ ಅಂಚು ಮುಟ್ಟಿತ್ತು. ಅವನು ಬಗ್ಗಿ ಮೂಸಿದ. ಮೂಗು ಚುರುಗುಟ್ಟಿತು.

"ಅಮ್ಮಾ, ಇದಕ್ಕೆ ಈಸ್ಟ್ ಹಾಕಿದ್ಯಾ?"

ಅವನ ತಾಯಿ ಬೆಳಿಗ್ಗೆಯಿಂದಲೇ ಸ್ವೆಟರು, ಮಫ್ಲರು, ಕಾಲುಚೀಲ ಎಲ್ಲ ತೊಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. "ಹಾಕದೆ ಇರ್ತೀನಾ? ನೀನು ಮೆಷಿನ್ ತಿರುಗೋಕೆ ಬಿಟ್ಟು ವ್ಯಾನಿಗೆ ಗಾಳಿ ಹಾಕಿಸೋಕೆ ಓಡಿದೆ. ಊರಿಗೆ ಹೊರಡೋ ಖುಷೀಲಿ ಮರೆತಿರ್ತೀಯ ಅಂತ ನಾನೇ ಹಾಕಿದೆ."

"ನಾನೂ ಹಾಕಿದ್ದೆ."

"ಹಾಕಿದವನು ಬಾಯಿಬಿಟ್ಟು ಹೇಳ್ಬೇಕಪ್ಪ."

ಒಳಗೆ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದ ಅವನ ಹೆಂಡತಿ ನಕ್ಕುಬಿಟ್ಟಳು. "ಒಳ್ಳೇದೇ ಆಯ್ತಲ್ಲ ರೀ! ಬೇಗ ಉಬ್ಬಿದ್ರೆ ಬೇಗ ಬೇಯಿಸ್ಬಹುದು, ಬೇಗ ಹೊರಡ್ಬಹುದು. ಅತ್ತೆ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು."

ಹೊಳೆಯಾಚೆಯ ಊರಿನಲ್ಲಿ ಅವಳ ತಂಗಿ ಇದ್ದಳು. ತಾಯಿಯಿಲ್ಲದ ಆ ತಂಗಿಗೆ ಜಡೆ ಹೆಣೆದು, ಲೆಕ್ಕ ಹೇಳಿಕೊಟ್ಟು ಬೆಳೆಸಿದವಳು ಇವಳೇ. ತಂಗಿಗೆ ಮಗುವಾದಾಗ ಮದುವೆಯ ಕೇಕುಗಳ ಆರ್ಡರ್ ಇತ್ತು, ಹೋಗಲಾಗಲಿಲ್ಲ. ಆಮೇಲೆ ಶಾಲೆಗಳ ಬನ್ನು. ಆಮೇಲೆ ಇನ್ನೇನೋ. ಹೊರಡುವ ಹೊತ್ತಿಗೆ ಸರಿಯಾಗಿ ಅವನು ಕೈ ಒರೆಸಿಕೊಳ್ಳುತ್ತಾ ಬಂದು, "ಹಿಟ್ಟು ಕಲಸಿಬಿಟ್ಟಿದ್ದೀನಲ್ಲೇ" ಎನ್ನುತ್ತಿದ್ದ. ಮಗು ಈಗ ಕೂರುತ್ತಿತ್ತು. ಕೂತು ಬೀಳುವುದನ್ನೂ ಅವಳು ನೋಡಿದ್ದು ಫೋನಿನಲ್ಲೇ. ಈ ರಜೆಗೆ ಮಾತ್ರ ತಪ್ಪಿಸುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಬೆಳಗಿನ ಬ್ರೆಡ್ ಬೇಯಿಸಿ, ಆರ್ಡರ್ ಕೊಟ್ಟವರಿಗೆ ಹಂಚಿ, ಹೊರಡುವುದು.

ಅವನು ತೋಳು ಮಡಚಿ ಅಚ್ಚುಗಳಿಗೆ ಎಣ್ಣೆ ಸವರತೊಡಗಿದ. ಬುಗುರಿ ರೇಡಿಯೊ ಹಾಕಿದಳು. ರಾತ್ರಿ ಬರಬೇಕಿದ್ದ ಬಿರುಗಾಳಿ ಬೇಗನೆ ತಿರುಗಿದೆಯಂತೆ. ಮಧ್ಯಾಹ್ನದ ನಂತರ ಹೊಳೆಯ ಸೇತುವೆಯ ಮೇಲೆ ಗಾಡಿ ಬಿಡುವುದಿಲ್ಲವಂತೆ. ಆ ಮಾತು ಮುಗಿಯುವುದರೊಳಗೆ ಬೀದಿಯ ತಗಡುಗಳು ಒಂದಾದಮೇಲೊಂದು ಬಡಿದುಕೊಂಡವು. ದೀಪ ಆರಿತು. ಕಾಯುತ್ತಿದ್ದ ಓವನ್ನಿನ ಕೆಂಪು ಕಣ್ಣೂ ಮುಚ್ಚಿತು.

ಎಲ್ಲರೂ ಓವನ್ನಿನ ಕಡೆ ನೋಡಿದರು.

"ಈಗ ಬಂದುಬಿಡುತ್ತೆ," ಎಂದ ಅವನು.

ಬರಲಿಲ್ಲ. ಹೊರಗೆ ಆಲಿಕಲ್ಲು ಬೀಳತೊಡಗಿತು. ಹಿಟ್ಟಿಗೆ ಅದರ ಗೊಡವೆಯೇ ಇರಲಿಲ್ಲ. ಟಬ್ಬಿನಂಚು ದಾಟಿ ಇಳಿಯುತ್ತಿತ್ತು. ಅವನು ಗುದ್ದಿ ಕೂರಿಸಿದ. ಮತ್ತೆ ಎದ್ದಿತು. ಬುಗುರಿ ಚಪ್ಪಾಳೆ ತಟ್ಟಿ ಕುಣಿದಳು.

"ಇನ್ನೊಂದು ಗಳಿಗೆ ನೋಡೋಣ ಕಣೇ. ಜನ ರಜೆಗೆ ಅಂತ ಬ್ರೆಡ್ ಹೇಳಿದ್ದಾರೆ. ಮೇಲಾಗಿ ಇಷ್ಟು ಹಿಟ್ಟು..."

"ಹೇಳಿ, ಹೇಳಿಬಿಡಿ. ಹಿಟ್ಟು ಕಲಸಿಬಿಟ್ಟಿದ್ದೀನಲ್ಲೇ ಅಂತ." ಅವಳ ಧ್ವನಿ ಏರಲಿಲ್ಲ. "ಸವತಿ ಇದ್ದಿದ್ರೂ ವರ್ಷಕ್ಕೊಂದು ಸಲ ಕಳಿಸ್ಕೊಡ್ತಿದ್ಲು."

ಅವನು ಬೆರಳಿಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದ. "ಹಿಟ್ಟು ಚೆಲ್ಲೋಕೆ ನನಗೆ ಕೈ ಬರಲ್ಲ."

"ಚೆಲ್ಲಿ ಅಂದವರು ಯಾರು?" ಎಂದಳು. ಎಂದ ಮೇಲೆ ಅವಳಿಗೇ ಹೊಳೆಯಿತು. "ತಂಗಿ ಕೆಲಸ ಮಾಡೋ ಹಾಸ್ಟೆಲಲ್ಲಿ ದೊಡ್ಡ ಗ್ಯಾಸ್ ಓವನ್ ಇದೆ. ಹುಡುಗರೆಲ್ಲ ಊರಿಗೆ ಹೋಗಿದ್ದಾರೆ. ಕೀಲಿ ಅವಳ ಹತ್ರಾನೇ ಇರುತ್ತೆ. ಎತ್ತಿ ರೀ ಟಬ್ಬು!"

"ವ್ಯಾನಲ್ಲಿ?"

"ಅಲ್ಲ, ತಲೆ ಮೇಲೆ!"

"ಏಯ್, ನನ್ನ ಸೀಟಿಗೆ ಮಾತ್ರ ಕೈ ಹಾಕ್ಬೇಡಿ," ಎನ್ನುತ್ತಾ ಅಜ್ಜಿ ಆಗಲೇ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು.

ಆಮೇಲೆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಯಾರಿಗೂ ತಿಳಿಯಲಿಲ್ಲ. ಸೂಟ್‌ಕೇಸು ಟ್ರೇಗಳ ಕೆಳಗೆ ಹೋಯಿತು, ಮಗುವಿಗೆಂದು ಹೆಣೆದ ಟೋಪಿ ಅಚ್ಚುಗಳೊಳಗೆ ಸೇರಿತು. ಬುಗುರಿ ಒಂದೇ ಬೂಟು ಹಾಕಿಕೊಂಡು ವ್ಯಾನು ಹತ್ತಿ, ಇನ್ನೊಂದಕ್ಕೆ ವಾಪಸು ಓಡಿದಳು. ಗಂಡಹೆಂಡತಿ ಟಬ್ಬಿನ ಎರಡು ಕಿವಿ ಹಿಡಿದು, ಮೆಟ್ಟಿಲಲ್ಲಿ ಪರಸ್ಪರ ಬೈದುಕೊಳ್ಳುತ್ತಾ ಇಳಿಸಿದರು. ಎದುರಂಗಡಿಯ ದರ್ಜಿ ಬಾಗಿಲು ಸಂದಿಯಿಂದ ಇಣುಕಿ, "ಎಲ್ಲಿಗ್ರೀ ಹೆಣ ಹೊತ್ತ ಹಾಗೆ?" ಎಂದ.

"ಜೀವ ಇದೆ ಇದಕ್ಕೆ!" ಎಂದಳು ಅವಳು. "ಯಾರಾದ್ರೂ ಬ್ರೆಡ್ ಕೇಳ್ಕೊಂಡು ಬಂದ್ರೆ, ಕರೆಂಟಿಲ್ಲ, ಅಂಗಡಿಯವನನ್ನ ಹೆಂಡ್ತಿ ಎತ್ಕೊಂಡು ಹೋದ್ಲು ಅನ್ನಿ!"

ಮುಂದಿನ ಸೀಟಿನಲ್ಲಿ ಅವಳು ಟಬ್ಬನ್ನು ಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳ ಒತ್ತಿ ಹಿಡಿದಳು. ವ್ಯಾನಿನೊಳಗಿನ ಬಿಸಿಗೆ ಹಿಟ್ಟಿಗೆ ಇನ್ನಷ್ಟು ಹುರುಪು ಬಂತು. ತಿರುವು ಬಂದಾಗಲೆಲ್ಲ ಒಂದು ಕಡೆಯಿಂದ ನಾಲಿಗೆ ಚಾಚುತ್ತಿತ್ತು. ಅವಳು ಕಿತ್ತು ಒಳಗೆ ತುರುಕುತ್ತಿದ್ದಳು. "ಅಮ್ಮಾ, ಆ ಕಡೆ! ಈ ಕಡೆ!" ಎಂದು ಹಿಂದಿನಿಂದ ಬುಗುರಿ. "ಈಸ್ಟ್ ಅಂದ್ರೆ ಇದಪ್ಪ," ಎಂದು ಅಜ್ಜಿ ಹೆಮ್ಮೆಯಿಂದ ನಕ್ಕಳು.

ಮಧ್ಯಾಹ್ನವಾಗುವ ಮೊದಲೇ ಮುಸ್ಸಂಜೆಯ ಕತ್ತಲು ಕವಿದಿತ್ತು. ಸೇತುವೆಯ ಬಳಿ ಕಾವಲಿನವನು ರೈನ್‌ಕೋಟು ಬಿಗಿ ಹಿಡಿದು ಅಡ್ಡಗಂಬದ ಪಕ್ಕ ನಿಂತಿದ್ದ. "ನಿಮ್ಮದೇ ಕೊನೇ ಗಾಡಿ. ನಿಧಾನಕ್ಕೆ ಹೋಗಿ, ನಡುವೆ ಎಲ್ಲೂ ನಿಲ್ಲಿಸ್ಬೇಡಿ."

"ಅಪ್ಪಾ!" ಬುಗುರಿ ಹಿಂದಿನ ಗಾಜಿಗೆ ಮೂಗು ಒತ್ತಿದ್ದಳು. "ಅಪ್ಪಾ, ಕರೆಂಟ್ ಬಂತು!"

ದಿಬ್ಬದ ಮೇಲೆ ಊರಿನ ದೀಪಗಳು ಒಂದೊಂದೇ ಸಾಲು ಹೊತ್ತಿಕೊಳ್ಳುತ್ತಿದ್ದವು. ಅವನು ಕನ್ನಡಿಯಲ್ಲಿ ನೋಡಿದ. ಆರಿಸುವುದನ್ನು ಮರೆತುಬಂದಿದ್ದ ಅಂಗಡಿಯ ಹಳದಿ ಬೋರ್ಡೂ ಅಲ್ಲಿತ್ತು. ಓವನ್ನಿನ ಗುಂಡಿಯನ್ನೂ ಅವನು ಆರಿಸಿರಲಿಲ್ಲವೆ? ಇಲ್ಲ, ಅದನ್ನು ಆರಿಸಿದ್ದ. ಗಾಡಿ ತಿರುಗಿಸಿದರೆ ಸಂಜೆಯೊಳಗೆ ಊರಿಗೆಲ್ಲ ಬ್ರೆಡ್ ಕೊಡಬಹುದಿತ್ತು. ಅವನ ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ.

ಅವಳೂ ಅತ್ತ ನೋಡಿದಳು. ಮುಚ್ಚಳ ಒತ್ತಿದ್ದ ಅವಳ ಕೈ ಸಡಿಲವಾಯಿತು. ಹಿಟ್ಟು ನಿಧಾನವಾಗಿ ಅವಳ ಮೊಣಕಾಲಿನ ಮೇಲೆ ಇಳಿಯಿತು. ಅವಳು ತೆಗೆಯಲಿಲ್ಲ.

"ಏನ್ರೀ ಯಜಮಾನ್ರೇ, ಹೋಗ್ತೀರೋ ತಿರುಗಿಸ್ತೀರೋ? ಇಲ್ಲಿ ನಾನು ಹಾರಿಹೋಗ್ತಿದ್ದೀನಿ!" ಎಂದು ಕಾವಲಿನವನು ಕೂಗಿದ.

ಬೇಕರಿಯವನು ಹೆಂಡತಿಯ ಮೊಣಕಾಲು ನೋಡಿದ.

"ಮುಚ್ಚಳ ಯಾಕೆ ಬಿಟ್ಟೆ? ಒತ್ತಿ ಹಿಡ್ಕೊಳ್ಳೇ," ಎಂದು ಗೇರ್ ಹಾಕಿದ. "ಓವನ್ ಬಿಸಿ ಮಾಡಿಡು ಅಂತ ನಿನ್ನ ತಂಗಿಗೆ ಹೇಳು."

ಸೇತುವೆಯ ಮೇಲೆ ಗಾಳಿ ವ್ಯಾನನ್ನು ಪಕ್ಕಕ್ಕೆ ನೂಕಿತು. ಬುಗುರಿ ಕಿರುಚಿದಳು, ಅಜ್ಜಿ ಅವಳಿಗಿಂತ ಜೋರಾಗಿ. ಉಸಿರಿಗೆ ಮುಂದಿನ ಗಾಜು ಮಂಜಾಗಿ ಏನೂ ಕಾಣದಂತಾಯಿತು. "ಒರೆಸು, ಒರೆಸು!" ಎಂದ ಅವನು. ಅವಳು ಮುಂದಕ್ಕೆ ಬಾಗಿ ಅಂಗೈಯಿಂದ ಒರೆಸಿದಳು. ಗಾಜಿನ ತುಂಬ ಹಿಟ್ಟಿನ ದಪ್ಪ ಬಿಳಿ ಗೆರೆ ಮೂಡಿತು. ಅವನು ಕತ್ತು ಬಗ್ಗಿಸಿ, ಆ ಗೆರೆಯ ಕೆಳಗಿಂದ ರಸ್ತೆ ನೋಡುತ್ತಾ ಗಾಡಿ ಓಡಿಸಿದ.