ವೀರಗಲ್ಲಿನ ಕೊನೆಯ ಸಾಲು

ನಡುರಾತ್ರಿ ಕಲ್ಲಿನ ಬುಡದಲ್ಲಿ ಏನೋ ಟಪ್ಪೆಂದು ಬಿದ್ದ ಸದ್ದಾಯಿತು. ಗಂಗಲಕ್ಷ್ಮಿ ಬೆಚ್ಚಿ ಟಾರ್ಚ್ ತಿರುಗಿಸಿದಳು. ವೀರಗಲ್ಲಿಗೆ ಮೆತ್ತಿಕೊಂಡಿದ್ದ ಹಳೆಯ ಎಣ್ಣೆಜಿಡ್ಡು ಅಂಗೈಯಗಲ ತಾನಾಗಿ ಕಳಚಿಬಿದ್ದಿತ್ತು.

ಸವೆದ ಅಕ್ಷರ ಓದಲು ಕತ್ತಲೆಯೇ ಬೇಕು. ಬೆಳಕನ್ನು ಓರೆಯಾಗಿ ಬಿಟ್ಟರೆ ಅವು ಎದ್ದು ಕಾಣುತ್ತವೆ. ಹಾಗಾಗಿ ಅವ್ವ ಪಾಲಮ್ಮನನ್ನು ಜೊತೆಗೆ ಕರೆದುಕೊಂಡು, ತಳಕು ಊರಿನಾಚೆಯ ತಮ್ಮ ಹಟ್ಟಿಯ ಈ ಕಲ್ಲಿನ ಮುಂದೆ ಕೂತಿದ್ದಳು. ಮಧ್ಯಕಾಲೀನ ಶಾಸನಗಳ ವಿಚಾರಸಂಕಿರಣಕ್ಕೆ ಪ್ರಬಂಧದ ಸಾರಾಂಶ ಕಳಿಸಲು ನಾಳೆ ಮಧ್ಯಾಹ್ನವೇ ಗಡುವು. ಕಲ್ಲು ನಿಲ್ಲಿಸಿದವರು ಯಾರೆಂಬ ಕೊನೆಯ ಸಾಲು ಸಿಗದಿದ್ದರೆ ಅವಳಿಗೆ ಹೊಸದಾಗಿ ಹೇಳುವುದೇನೂ ಇರಲಿಲ್ಲ. ಪೂಜಾರಿ ಚಿಕ್ಕೀರಪ್ಪ ಒಪ್ಪಿದ್ದು ಒಂದೇ ಷರತ್ತಿಗೆ: ನೋಡಬಹುದು, ಉಗುರು ತಾಕಿಸುವಂತಿಲ್ಲ.

ಜಿಡ್ಡು ಬಿದ್ದ ಜಾಗದಲ್ಲಿ ಆ ಸಾಲು ನಿನ್ನೆ ಕೆತ್ತಿದಂತಿತ್ತು. ದನಗಳನ್ನು ಬಿಡಿಸಲು ಕಾದಾಡಿ ಸತ್ತ ಅಣ್ಣನಿಗೆ ತಂಗಿ ಬೊಮ್ಮವ್ವ ನಿಲ್ಲಿಸಿದ ಕಲ್ಲು.

"ಮೂವತ್ತು ವರ್ಷ ಎಣ್ಣೆ ಹಚ್ಚಿ ಇದನ್ನ ಮುಚ್ಚಿಟ್ಟೋಳು ನೀನೇ ಕಣವ್ವ!"

"ಮುಚ್ಚಿಟ್ಟಿದ್ಕೇ ಉಳ್ಕಂಡೈತೆ. ಅಳಿಸೋಗೈತೆ ಅಂದ್ರಲ್ಲ ನಿಮ್ಮ ಕಾಲೇಜು ಮೇಷ್ಟ್ರು, ಬಂದು ನೋಡ್ಲಿ."

"ಪೂಜಾರಪ್ಪ ನೋಡಿದ್ರೆ ನಾನೇ ಕೆರೆದೆ ಅಂತಾನೆ."

"ಕೆರೆದ್ಯಾ?"

"ಇಲ್ಲ."

"ಮತ್ತೇನು? ಬೇಗ ಬರ್ಕೊ."

ಅವಳು ಎರಡು ಸಲ ಓದಿ ಬರೆದುಕೊಂಡಳು, ಫೋಟೋ ತೆಗೆದಳು. ಪಾಲಮ್ಮ ಅಂಗೈಗೆ ಹರಳೆಣ್ಣೆ ಸುರಿದುಕೊಂಡು ಆ ಜಾಗಕ್ಕೆ ಬಳಿದಾಗ ಕಲ್ಲು ಮತ್ತೆ ಮೊದಲಿನಷ್ಟೇ ಕಪ್ಪಾಯಿತು. ಗಂಗಲಕ್ಷ್ಮಿ ಸಾರಾಂಶವನ್ನು ಮೊಬೈಲಿನಲ್ಲಿ ಅಲ್ಲಿಂದಲೇ ಕಳಿಸಿದಳು. ಬೊಮ್ಮವ್ವನ ಹೆಸರನ್ನು ತುಂಬಿದ ಸಭೆಯಲ್ಲಿ ಹೇಳುವುದು, ಜಿಡ್ಡು ಬಿದ್ದದ್ದನ್ನು ಮಾತ್ರ ಯಾರಿಗೂ ಹೇಳುವುದು ಬೇಡವೆಂದು ಮನೆ ಮುಟ್ಟುವಷ್ಟರಲ್ಲಿ ಅವಳು ತೀರ್ಮಾನಿಸಿದ್ದಳು.